ಎಂಟು ಪುಟದ ಮೊಳೆ, ಒಂದು ಹಲಸಿನ ಮರ

ಪ್ರಿಂಟಿಂಗ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಸಿಕ್ಕಿದಾಗ ಒಂದು ಪ್ರಶ್ನೆ ತಪ್ಪದೆ ಕೇಳುತ್ತಾರೆ: "ಹೂವಣ್ಣ, ನಿಮ್ ಕಾಲದಲ್ಲಿ ತಪ್ಪಾದ್ರೆ ಹಿಂದಕ್ಕೆ ಹೋಗಕ್ಕೆ ಕಂಟ್ರೋಲ್ ಝಡ್ ಇರ್ಲಿಲ್ಲಲ್ಲ, ಎಂತ ಮಾಡ್ತಿದ್ರಿ?"

ಇತ್ತು. ಅದರ ಹೆಸರು ಗಣಪತಿ ಭಟ್ಟರು. ತಪ್ಪು ಮಾಡಿದರೆ ತಲೆಯ ಹಿಂಭಾಗಕ್ಕೆ ಒಂದು ಬಿಡುತ್ತಿದ್ದರು, ನಾನು ಹಿಂದಿನ ಸ್ಥಿತಿಗೆ ಬರುತ್ತಿದ್ದೆ.

ಎಪ್ಪತ್ತರ ದಶಕದ ನಡುವೆ ನಾನು ಹೊಸನಗರ ಬಸ್ ಸ್ಟ್ಯಾಂಡಿನ ಹಿಂದಿದ್ದ ಭಟ್ಟರ ಪ್ರೆಸ್ಸಿಗೆ ಕಂಪೋಸಿಟರ್ ಆಗಿ ಸೇರಿದೆ. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿದ್ದೆ, ಅದೂ ಕನ್ನಡದಲ್ಲಿ. ಭಟ್ಟರು ಅಂಕಪಟ್ಟಿ ನೋಡಿ ಖುಷಿಪಟ್ಟರು. "ಓದಿ ಅರ್ಥ ಮಾಡ್ಕೊಳ್ಳೋನು ಈ ಕೆಲಸಕ್ಕೆ ಬೇಡ ಮಾರಾಯ. ಅರ್ಥ ಆದ್ರೆ ಕೈ ನಿಧಾನ ಆಗ್ತದೆ. ನೀನು ಸರಿ" ಎಂದರು. ಆ ನಂಬಿಕೆಗೆ ನಾನು ಕೊನೆಯವರೆಗೂ ಮೋಸ ಮಾಡಲಿಲ್ಲ. ಬಡ್ತಿ ಎಂದರೆ ಬಾಗಿಲ ಹತ್ತಿರದ ಸ್ಟೂಲಿನಿಂದ ಕಿಟಕಿ ಹತ್ತಿರದ ಸ್ಟೂಲಿಗೆ ಹೋಗುವುದು. ನನಗೆ ಒಮ್ಮೆ ಆಯಿತು. ಕಿಟಕಿಯಲ್ಲಿ ಮಳೆ ಹೊಡೆಯುತ್ತಿದ್ದುದರಿಂದ ವಾಪಸು ಬಂದೆ.

ಕೆಲಸ ಏನೆಂದು ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಅನಾಹುತವೆಲ್ಲ ಇದರ ಮೇಲೇ ನಿಂತಿದೆ. ಸೀಸದ ಅಕ್ಷರಗಳಿಗೆ ಮೊಳೆ ಎನ್ನುತ್ತಿದ್ದೆವು. ಗೂಡುಗೂಡಾದ ಮರದ ತಟ್ಟೆಯಿಂದ ಒಂದೊಂದೇ ಹೆಕ್ಕಿ, ಉಲ್ಟಾ ಜೋಡಿಸಿ, ಸಾಲು ಮಾಡಿ, ಪುಟ ಮಾಡಿ, ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದು, ಕಾಲಲ್ಲಿ ತುಳಿಯುವ ಟ್ರೆಡಲ್ ಯಂತ್ರಕ್ಕೆ ಏರಿಸುವುದು. ದೊಡ್ಡ ಊರಿನ ಪ್ರೆಸ್ಸುಗಳಲ್ಲಿ ಇಡೀ ಪುಸ್ತಕಕ್ಕಾಗುವಷ್ಟು ಮೊಳೆ ಇರುತ್ತಿತ್ತಂತೆ. ನಮ್ಮಲ್ಲಿ ಇದ್ದಬದ್ದದ್ದೆಲ್ಲ ಸುರಿದರೆ ಎಂಟು ಪುಟ. ಎಂಟು ಪುಟ ಜೋಡಿಸು, ಅಷ್ಟೂ ಪ್ರತಿಗೆ ಅಚ್ಚು ಹಾಕು, ಬಿಚ್ಚು, ಮೊಳೆಗಳನ್ನು ಅದರದರ ಗೂಡಿಗೆ ಸೇರಿಸು, ಆಮೇಲೆ ಒಂಬತ್ತನೇ ಪುಟಕ್ಕೆ ಹೋಗು. ಒಮ್ಮೆ ಅಚ್ಚಾದ ಎಂಟು ಪುಟ ದೇವರು ಬಂದರೂ ಬದಲಾಗುವುದಿಲ್ಲ. ಎಂಟು ಪುಟ ಅಚ್ಚಾಗದೆ ಚೌಕಟ್ಟಿನಲ್ಲೇ ಕೂತರೆ ಪ್ರೆಸ್ಸಿನಲ್ಲಿ ಬೇರೊಂದು ಕರೆಯೋಲೆಯೂ ಹುಟ್ಟುವುದಿಲ್ಲ.

ಇನ್ನು ನಾಗಪ್ಪಗೌಡರು. ತೀರ್ಥಹಳ್ಳಿ ಕಡೆಯವರು, ಕಾದಂಬರಿಕಾರರು. ಅವರ ಕಾದಂಬರಿಗಳನ್ನು ದೂರದ ಪ್ರಕಾಶಕರು ಮುಗಿಬಿದ್ದು ತೆಗೆದುಕೊಳ್ಳುತ್ತಿದ್ದರು. ಕಾದಂಬರಿ ಅಲ್ಲದ್ದನ್ನು ಬರೆದರೆ ಮಾತ್ರ "ಈಗ ಪೇಪರ್ ಅಭಾವ" ಎಂದು ಉತ್ತರ ಬರುತ್ತಿತ್ತು. ಹಾಗಾಗಿ ಪ್ರಬಂಧ, ಪತ್ರ, ನೆನಪು, ಇಂಥವೆಲ್ಲ ನಮ್ಮ ಪ್ರೆಸ್ಸಿಗೆ ಬರುತ್ತಿದ್ದವು. ಭಟ್ಟರು ಅವರ ಬಾಲ್ಯದ ಗೆಳೆಯ. ತೀರ್ಥಹಳ್ಳಿ ಶಾಲೆಯಲ್ಲಿ ಒಂದೇ ಬೆಂಚು. ಇಬ್ಬರಿಗೂ ಅರವತ್ತು ಸಮೀಪಿಸಿದ್ದರೂ ಭಟ್ಟರಿಗೆ ಅವರು ನಾಗು, ಗೌಡರಿಗೆ ಇವರು ಗಣಪು.

ಗೌಡರ ಹಸ್ತಪ್ರತಿ ಬಸ್ಸಿನಲ್ಲಿ ಬರುತ್ತಿತ್ತು. ಕಂಡಕ್ಟರ್ ಕೈಗೆ ಕೊಟ್ಟು, "ಹೊಸನಗರದಲ್ಲಿ ಭಟ್ರಿಗೆ" ಎಂದರೆ ಮುಗಿಯಿತು. ಒಮ್ಮೆ ಕಟ್ಟು ತಪ್ಪು ಬಸ್ಸು ಹತ್ತಿ, ಆಗುಂಬೆ ಘಾಟಿ ಇಳಿದು, ಕರಾವಳಿ ಸುತ್ತಿ, ವಾರ ಬಿಟ್ಟು ಬಂತು. ಪ್ರಬಂಧದ ಹೆಸರು 'ಮಲ್ಲಿಗೆಯ ಕಂಪು'. ಬಂಗಡೆ ಮೀನಿನ ವಾಸನೆಗೆ ಭಟ್ಟರು ಮೂಗಿಗೆ ವಸ್ತ್ರ ಕಟ್ಟಿಕೊಂಡು ಕೂತರು. ನಾನು ಅದನ್ನು ಬಹಳ ತನ್ಮಯನಾಗಿ ಜೋಡಿಸಿದೆ. ಮಧ್ಯಾಹ್ನದ ಊಟವೂ ಚೆನ್ನಾಗಿ ಸೇರಿತು.

ಪ್ರಬಂಧದ ಪುಸ್ತಕದಲ್ಲಿ ನನ್ನ ಮೊದಲ ದೊಡ್ಡ ಸಾಧನೆ ನಡೆಯಿತು. 'ಊಟದ ಸುಖ' ಎಂಬ ಪ್ರಬಂಧದ ಕೊನೆಯ ಪುಟ ಪ್ರೂಫು ಮುಗಿದು ಮೇಜಿನ ಮೇಲಿತ್ತು. ಪಕ್ಕದಲ್ಲಿ ಯಾರದೋ ಉತ್ತರಕ್ರಿಯೆಯ ಕಾರ್ಡು. ಚಹಾ ಲೋಟ ಇಡಲು ಜಾಗ ಮಾಡುವಾಗ ಮೊಣಕೈ ತಾಗಿ ಎರಡರ ಕೊನೆಯ ಸಾಲುಗಳೂ ನೆಲಕ್ಕೆ ಬಿದ್ದವು. ಸಾಲುಗಳು ಚೆದುರಿರಲಿಲ್ಲ, ಅದೇ ಪುಣ್ಯ ಎಂದುಕೊಂಡು ಎತ್ತಿ ಇಟ್ಟೆ. ಇದರದ್ದು ಅದಕ್ಕೆ, ಅದರದ್ದು ಇದಕ್ಕೆ. ಹೋಳಿಗೆ, ತುಪ್ಪ, ಕೊಟ್ಟೆ ಕಡುಬು ಎಲ್ಲ ವರ್ಣಿಸಿದ ಗೌಡರ ಪ್ರಬಂಧ, "ಬಂಧುಮಿತ್ರರು ಆಗಮಿಸಿ ಮೃತರ ಆತ್ಮಕ್ಕೆ ಶಾಂತಿ ಕೋರಬೇಕಾಗಿ ವಿನಂತಿ" ಎಂದು ಮುಗಿಯಿತು. ಉತ್ತರಕ್ರಿಯೆಯ ಕಾರ್ಡು, "ಕೊನೆಗೊಂದು ಲೋಟ ನೀರು ಮಜ್ಜಿಗೆ ಕುಡಿದು ಗೋಡೆಗೆ ಒರಗಿದರೆ ಸಾಕು, ಇನ್ನೇನು ಬೇಕು" ಎಂದು ಮುಗಿಯಿತು.

ಸತ್ತವರ ಮಗ ಕಾರ್ಡು ಹಿಡಿದು ಪ್ರೆಸ್ಸಿಗೆ ಬಂದಾಗ ನಾನು ಯಂತ್ರದ ಹಿಂದೆ ಅಡಗಿದೆ. ಅವರು ಕಣ್ಣೊರೆಸಿಕೊಂಡು, "ಅಪ್ಪಯ್ಯ ಹಂಗೇ ಹೋಗಿದ್ದು ಭಟ್ರೆ. ಮಜ್ಜಿಗೆ ಕುಡಿದು, ಗೋಡೆಗೆ ಒರಗಿ. ನಿಮಗೆ ಯಾರು ಹೇಳಿದ್ರು?" ಎಂದರು.

ಭಟ್ಟರು ಅವರನ್ನು ಕಳಿಸಿ ಬಂದು, "ಹೂವಪ್ಪ, ನೀನು ಬದುಕ್ಕೊಂಡೆ" ಎಂದು ಹೇಳಿ ಕಂಟ್ರೋಲ್ ಝಡ್ ಒತ್ತಿದರು.

ಪತ್ರಗಳ ಪುಸ್ತಕದ ಕಥೆ ಬೇರೆ. ಗೌಡರು ತಾವು ಬರೆದ ಕಾಗದಗಳನ್ನು ನೆಂಟರಿಷ್ಟರಿಂದ ವಾಪಸು ಕೇಳಿ ತರಿಸಿದರು. ಸಾಹಿತ್ಯದ ಬಗ್ಗೆ ಬರೆದವನ್ನು ಯಾರೂ ಇಟ್ಟುಕೊಂಡಿರಲಿಲ್ಲ. ಬೈದು ಬರೆದವನ್ನು ಮಾತ್ರ ಎಲ್ಲರೂ ಜೋಪಾನ ಮಾಡಿದ್ದರು. ಅವನ್ನೇ ತಿದ್ದಿ ತೀಡಿ ಕಳಿಸಿದರು. ಮೇಲೊಂದು ಚೀಟಿ ಇತ್ತು: "ಗಣಪು, ನಿನ್ನ ಹೆಂಡತಿ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿಗೆ ಉಪ್ಪು ಜಾಸ್ತಿ. ಆದರೂ ಭರಣಿ ಖಾಲಿಯಾಗಿದೆ. ಮುಂದಿನ ಬಸ್ಸಿಗೆ ಕಳಿಸು. ನಿನ್ನ ಹುಡುಗ ಕತ್ತೆ, ಪ್ರೂಫು ಸರಿಯಾಗಿ ನೋಡು." ಕಂಪೋಸಿಟರ್ ಧರ್ಮ ಏನೆಂದರೆ ಬಂದದ್ದೆಲ್ಲ ಜೋಡಿಸುವುದು. ಜೋಡಿಸಿದೆ. ಕತ್ತೆ ಯಾರೆಂಬುದು ನನಗೆ ಅಚ್ಚಾದ ಮೇಲೆ ಹೊಳೆಯಿತು. ಪುಸ್ತಕ ಬಂದ ಮೇಲೆ ಒಬ್ಬ ವಿಮರ್ಶಕರು ಈ ಸಂಕಲನದಲ್ಲಿ ಲೇಖಕರ ನಿಜವಾದ ದನಿ ಕೇಳುವುದು ಉಪ್ಪಿನಕಾಯಿಯ ಪತ್ರದಲ್ಲಿ ಮಾತ್ರ ಎಂದು ಬರೆದರು. ಗೌಡರು ನನಗೆ ಬೈಯಲೂ ಆಗದೆ ಹೊಗಳಲೂ ಆಗದೆ ಒಂದು ಬಾಳೆಗೊನೆ ಕಳಿಸಿದರು.

ಎಂಬತ್ತರ ದಶಕ ಬಂತು. ಮಾಸ್ತಿಕಟ್ಟೆ ಕಡೆ ನಾಡಿಗೆಲ್ಲ ಕರೆಂಟು ಮಾಡುತ್ತೇವೆಂದು ಬೆಟ್ಟ ಕೊರೆಯುತ್ತಿದ್ದರು. ಅದನ್ನು ನಂಬಿ ಭಟ್ಟರು ಟ್ರೆಡಲ್ಲಿಗೆ ಮೋಟಾರು ಹಾಕಿಸಿದರು. ಮೋಟಾರು ಬಂದ ದಿನದಿಂದ ಕರೆಂಟು ನಾಪತ್ತೆ. ನಾನು ಮೊದಲಿನ ಹಾಗೇ ತುಳಿದೆ, ಪಕ್ಕದಲ್ಲಿ ಮೋಟಾರು ನೋಡುತ್ತ ಕೂತಿತು. ಅಂಥ ಸಮಯದಲ್ಲಿ ಗೌಡರ ಆತ್ಮಕಥೆ ಬಂತು.

ಬರೆದಂತೆ ಬರೆದಂತೆ ಕಳಿಸುತ್ತಿದ್ದರು, ನಾವು ಎಂಟೆಂಟು ಪುಟ ಅಚ್ಚು ಹಾಕುತ್ತ ಹೋದೆವು. ಪ್ರೂಫು ನೋಡುವ ಕ್ರಮ ಹೀಗೆ: ನಾನು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವುದು, ಭಟ್ಟರು ಅಚ್ಚಿನ ಹಾಳೆಯ ಮೇಲೆ ಬೆರಳಿಟ್ಟು ಅಕ್ಷರ ನೋಡುವುದು. ನಾನಂತೂ ಜೋಡಿಸುವಾಗ ಏನು ಜೋಡಿಸಿದ್ದೇನೆಂದು ತಿಳಿಯುವವನಲ್ಲ. ಆ ದಿನ ರಾಗವಾಗಿ ಓದುತ್ತಿದ್ದೆ.

"ಆಗುಂಬೆ ರಸ್ತೆಯಲ್ಲಿ ನಾನೂ ಗಣಪುವೂ ಶಾಲೆ ತಪ್ಪಿಸಿ ಹೋಗುತ್ತಿದ್ದೆವು. ಪೊದೆಯೊಳಗೆ ಸರಸರ ಸದ್ದು. ಹುಲಿ ಎಂದು ಕೂಗಿದ ಗಣಪು ಪಕ್ಕದ ಹಲಸಿನ ಮರ ಏರಿಬಿಟ್ಟ. ನಾನು ಅಲುಗಾಡದೆ ನಿಂತೆ. ಹೊರಬಂದದ್ದು ಒಂದು ಕೆಂದು ಕರು. ಅದರ ಮೈ ಸವರಿದೆ. ಗಣಪು ಮೇಲಿಂದ ಅಳುತ್ತಿದ್ದ."

ಭಟ್ಟರ ಬೆರಳು ನಿಂತಿತು. "ಇನ್ನೊಂದ್ಸಲ ಓದು."

ಓದಿದೆ. ಎರಡನೇ ಸಲ 'ಅಳುತ್ತಿದ್ದ' ಎನ್ನುವಾಗ ಸ್ವಲ್ಪ ಅತ್ತೂ ತೋರಿಸಿದೆ. ನಾಟಕದ ಅಭ್ಯಾಸ ಇತ್ತು. ಅದು ಬೇಡವಾಗಿತ್ತು.

"ಆನು ಹತ್ತಿದ್ನಿಲ್ಲೆ" ಎಂದರು ಭಟ್ಟರು. ನಮ್ಮ ಹತ್ತಿರ ಅವರು ಹವ್ಯಕರ ಮನೆಮಾತು ಆಡುವವರಲ್ಲ. ಬಾಯಿಗೆ ಅದು ಬಂತೆಂದರೆ ಸಿಟ್ಟು ಹೊಟ್ಟೆಯಿಂದ ಎದ್ದಿದೆ ಎಂದರ್ಥ. "ಹತ್ತಿದ್ದು ಅವನು. ಕರು ಸವರಿದ್ದು ನಾನು. ಇದು ಅಚ್ಚಾಗ್ಲಿಕ್ಕಿಲ್ಲ."

"ಹಂಗಾರೆ ಬಿಚ್ಚಿಬಿಡ್ಲಾ ಭಟ್ರೆ?"

"ಬಿಚ್ಚಲೂ ಬೇಡ. ಅವನು ಬರ್ಲಿ. ಅವನ ಎದುರಿಗೇ ಆಗ್ಲಿ."

ಮರುದಿನ ಗೌಡರು ಬಸ್ಸಿಳಿದು ಬಂದರು. ಭಟ್ಟರು ಹಾಳೆ ಮುಂದಿಟ್ಟರು. "ಎಂತ ನಾಗು ಇದು?"

"ನೆನಪು."

"ಯಾರ ನೆನಪು? ನನ್ ಮೊಮ್ಮಗಳು ಓದು ಕಲ್ತಿದಾಳೆ. ಅಜ್ಜ ಧೈರ್ಯವಂತ ಅಂತ ತಿಳ್ಕೊಂಡಿದಾಳೆ. ಈಗ ಅಜ್ಜ ಕರು ನೋಡಿ ಮರದ ಮೇಲೆ ಅಳ್ತಿದ್ದ ಅಂತ ನನ್ ಪ್ರೆಸ್ಸಲ್ಲೇ ಅಚ್ಚು ಹಾಕಿ ಕೊಡ್ಲಾ?"

"ಮತ್ತೆ ನಾನೇ ಹತ್ತಿದೆ ಅಂತ ಬರೀಲಾ? ಕಾದಂಬರಿಯಲ್ಲಿ ಎರಡು ಹುಲಿ ಹೊಡ್ಸಿದೀನಿ ಮಾರಾಯ. ಓದಿದೋರು ಎಂತ ಅಂತಾರೆ?"

"ಕಾದಂಬರಿಯಲ್ಲಿ ಆನೆ ಹೊಡ್ಸು. ಇದು ಆತ್ಮಕಥೆ. ಇದ್ರಲ್ಲಿ ನಾವೆಲ್ಲ ಇನ್ನೂ ಜೀವಂತ ಇದೀವಿ."

ಗೌಡರ ಮುಖ ಕೆಂಪಾಯಿತು. "ಭಟ್ಟರೇ, ನಿಮಗೆ ಇಷ್ಟ ಇಲ್ಲದಿದ್ರೆ ಹೇಳಿ. ಶಿವಮೊಗ್ಗದಲ್ಲಿ ಬೇರೆ ಪ್ರೆಸ್ಸುಗಳಿವೆ."

"ಹಾಗೇ ಮಾಡಿ ಗೌಡರೇ. ನೀವು ದೊಡ್ಡವರು."

ಇವರು ಬೈದಾಡಿದ್ದನ್ನು ನಾನು ವಾರಕ್ಕೊಮ್ಮೆ ಕೇಳಿದ್ದೆ. ಕಳ್ಳ, ಪಿಶಾಚಿ, ಹಡಬೆ, ಏನೇನೋ. ಎಲ್ಲ ಏಕವಚನದಲ್ಲಿ. ಬಹುವಚನ ಕೇಳಿದ್ದು ಅದೇ ಮೊದಲು. ಒಂದೇ ಬೆಂಚಿನಲ್ಲಿ ಕೂತವರು 'ನೀವು' ಎಂದುಕೊಂಡರೆ ಆ ಸ್ನೇಹದ ಕಾರ್ಡಿಗೆ ಉತ್ತರಕ್ರಿಯೆಯ ಸಾಲು ಬಿದ್ದ ಹಾಗೆ. ಭಟ್ಟರು ಅಂದು ಮಧ್ಯಾಹ್ನ ಊಟ ಅರ್ಧಕ್ಕೆ ಬಿಟ್ಟರು. ಗೌಡರು ಶಿವಮೊಗ್ಗಕ್ಕೆ ಹೋಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕೂತು ತೀರ್ಥಹಳ್ಳಿಯ ಬಸ್ಸುಗಳನ್ನೂ ಬಿಟ್ಟು ಬಿಟ್ಟು, ಕೊನೆಗೆ ಯಾವುದೋ ಒಂದನ್ನು ಹತ್ತಿದರು.

ಎಂಟು ಪುಟ ಚೌಕಟ್ಟಿನಲ್ಲೇ ಕೂತಿತು. ಪ್ರೆಸ್ಸು ಸ್ತಬ್ಧ. ಎದುರು ಹೋಟೆಲಿನ ಶೇಷಣ್ಣನ ಮಗಳ ಮದುವೆ ಹತ್ತಿರ ಬಂದಿತ್ತು. ಕರೆಯೋಲೆಗೆ ಮೊಳೆ ಇಲ್ಲ. ಅವರು ದಿನಾ ಬಂದು ಇಣುಕುತ್ತಿದ್ದರು.

"ಹೂವಪ್ಪ, ಆಯ್ತನಾ?"

"ಇಲ್ಲ ಶೇಷಣ್ಣ. ಭಟ್ರು ಇನ್ನೂ ಮರದ ಮೇಲಿದಾರೆ."

"ಇಳಿಸೋ ಮಾರಾಯ. ಹಿಂಗಾದ್ರೆ ನನ್ ಮಗಳಿಗೆ ಮಕ್ಕಳಾದ ಮೇಲೆ ಕರೆಯೋಲೆ ಹಂಚ್ಬೇಕು."

ಒಳಗಿನಿಂದ ಭಟ್ಟರು, "ನಾನು ಮರದ ಮೇಲಿಲ್ಲ" ಎಂದರು.

ಆಗ ನನ್ನ ತಲೆಗೊಂದು ಉಪಾಯ ಬಂತು. ನನ್ನ ತಲೆಗೆ ಬಂದವುಗಳ ಬಗ್ಗೆ ಊರಿನಲ್ಲಿ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಆದರೂ ಹೇಳಿದೆ: "ಭಟ್ರೆ, ಗೌಡ್ರು ಬರೆದದ್ದು ಇರ್ಲಿ. ಕೆಳಗೆ ಸಣ್ಣ ಅಕ್ಷರದಲ್ಲಿ ನಿಮ್ಮದೊಂದು ಟಿಪ್ಪಣಿ ಹಾಕನ." ಭಟ್ಟರು ಒಪ್ಪಿದರು. ಕಂಡಕ್ಟರ್ ಕೈಲಿ ಹೋದ ಪ್ರೂಫು ನೋಡಿ ಗೌಡರೂ ಒಪ್ಪಿದರು, ತಮ್ಮದೂ ಒಂದು ಉತ್ತರ ಕೆಳಗೆ ಇರಬೇಕೆಂಬ ಷರತ್ತಿನ ಮೇಲೆ. ಸಣ್ಣ ಮೊಳೆ ನಮ್ಮಲ್ಲಿ ಒಂದೇ ಒಂದು ತಟ್ಟೆ ಇತ್ತು. ಅದರ ಕಥೆ ಮುಂದೆ.

ಪುಟ ಹೀಗೆ ಬೆಳೆಯಿತು.

ಮುದ್ರಕರ ಟಿಪ್ಪಣಿ: ಮರ ಏರಿದವರು ಲೇಖಕರೇ.

ಲೇಖಕರ ಉತ್ತರ: ಮುದ್ರಕರು ಶಾಲೆಯಲ್ಲೂ ಹೀಗೇ. ಗಣಿತದಲ್ಲಿ ಸೊನ್ನೆ ಬಂದಾಗ ಮಾಸ್ತರರ ತಪ್ಪು ಎನ್ನುತ್ತಿದ್ದರು.

ಮುದ್ರಕರ ಟಿಪ್ಪಣಿ: ಆ ಸೊನ್ನೆಯನ್ನು ನಕಲು ಮಾಡಿದವರು ಲೇಖಕರು.

ಲೇಖಕರ ಉತ್ತರ: ಇಷ್ಟು ಹತ್ತಿರ ಕೂತಿದ್ದೆ ಎಂಬುದನ್ನಾದರೂ ಮುದ್ರಕರು ಒಪ್ಪಿದರಲ್ಲ.

ಪ್ರತಿ ಬಸ್ಸಿಗೂ ಒಂದು ಉತ್ತರ. ಅದೇ ಬಸ್ಸು ಹಿಂದಿರುಗುವಾಗ ಮರು ಉತ್ತರ. ಕಂಡಕ್ಟರ್ ದಾರಿಯಲ್ಲಿ ಓದಿ, "ಇವತ್ತು ಗೌಡ್ರದ್ದು ಸ್ವಲ್ಪ ಸಪ್ಪೆ" ಎಂದು ಹೇಳಿ ಕೊಡುತ್ತಿದ್ದ. ಟಿಪ್ಪಣಿಗೆ ಜಾಗ ಮಾಡುತ್ತ ಮಾಡುತ್ತ ಮೇಲಿನ ಆತ್ಮಕಥೆ ಎರಡು ಸಾಲಿಗೆ ಇಳಿಯಿತು. ಭಟ್ಟರು ಊಟ ಪೂರ್ತಿ ಮಾಡತೊಡಗಿದ್ದರು. ಆದರೆ ಬಹುವಚನ ಮಾತ್ರ ಹೋಗಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ನಾನು ತಟ್ಟೆ ಕೊಡವಿ ನೋಡಿ ಹೇಳಿದೆ: "ಸಣ್ಣ ಮೊಳೆ ಮುಗೀತು. ಇನ್ನು ಒಂದು ಸಾಲೂ ಸರಿಯಾಗಿ ಆಗಲ್ಲ."

ಕೊನೆಯ ಮಾತು ಯಾರದ್ದು ಎಂದು ತೀರ್ಮಾನಿಸಲು ಗೌಡರೇ ಬಂದರು. ಇಬ್ಬರೂ ಮೇಜಿನ ಆಚೀಚೆ ಕೂತರು. ನಾನು ನಡುವೆ, ಕೈಯಲ್ಲಿ ಮೊಳೆ ಸಾಲು ಜೋಡಿಸುವ ಕಂಪೋಸಿಂಗ್ ಸ್ಟಿಕ್ಕು, ಖಾಲಿ.

"ಕೊನೆಗೆ ನನ್ನದಿರಲಿ ಗೌಡರೇ. ಸತ್ಯ ಕೊನೆಗೆ ಬರ್ಬೇಕು."

"ಸತ್ಯವೇ ಬೇಕಾದ್ರೆ ಕೇಳಿ ಭಟ್ಟರೇ. ಆ ಮರದಿಂದ ಶಾನುಭಾಗರ ಮನೆ ಅಂಗಳ ಕಾಣ್ತಿತ್ತು. ಚಾಪೆ ಮೇಲೆ ಸಂಡಿಗೆ ಒಣಗಿಸಿದ್ರು. ಇಷ್ಟು ಸ್ಪಷ್ಟ ನೆನಪಿರೋನು ಸುಳ್ಳು ಹೇಳ್ತಾನಾ?"

"ಸಂಡಿಗೆ ಎಲ್ಲಿತ್ತು? ಹಪ್ಪಳ. ಹಲಸಿನ ಹಪ್ಪಳ."

"ಸಂಡಿಗೆ. ಬೆಳ್ಳಗೆ ಸಾಲುಸಾಲಾಗಿ."

"ದುಂಡಗೆ ಇತ್ತು. ಕಾಗೆ ಬಂದು ಒಂದು ಎತ್ಕೊಂಡು ಹೋಯ್ತು. ಮುದುಕಿ ಕೋಲು ಹಿಡ್ಕೊಂಡು ಓಡಿ ಬಂತು."

"ಮುದುಕಿ ಬಂದಿದ್ದು ಹೌದು. ಆದ್ರೆ ಕಾಗೆ ಎತ್ಕೊಂಡು ಹೋಗಿದ್ದು ಸಂಡಿಗೆ."

ನಾನು ಅರ್ಥ ಮಾಡಿಕೊಳ್ಳುವವನಲ್ಲ ಎಂದು ಮೊದಲೇ ಹೇಳಿದ್ದೇನೆ. ಆದರೆ ಆ ದಿನ ಏನೋ ತಪ್ಪಿ, ಅರ್ಥವಾಗಿಬಿಟ್ಟಿತು. ಕೆಳಗೆ ನಿಂತು ಕರು ಸವರಿದವನಿಗೆ ಬೇಲಿಯಾಚೆಯ ಶಾನುಭಾಗರ ಅಂಗಳದ ಚಾಪೆ ಹೇಗೆ ಕಂಡಿತು? ಹಾಗಾದರೆ ಕರುವಿನ ಜೊತೆ ಕೆಳಗಿದ್ದವರು ಯಾರು? ಯಾರೂ ಇಲ್ಲ. ಪಾಪ, ಆ ಕರು ಒಂದೇ ನಿಂತಿತ್ತು.

ಇಬ್ಬರೂ ಸಂಡಿಗೆ ಹಪ್ಪಳ ಎನ್ನುತ್ತಲೇ ಶೇಷಣ್ಣನ ಹೋಟೆಲಿಗೆ ಚಹಾಕ್ಕೆ ಎದ್ದರು. ಹೋಗುವಾಗ ಭಟ್ಟರು ಸುಸ್ತಾಗಿ, "ಇದ್ದ ಹಾಗೇ ಅಚ್ಚು ಹಾಕು ಹೂವಪ್ಪ. ಶೇಷಣ್ಣನ ಮುಖ ನೋಡಕ್ಕಾಗಲ್ಲ" ಎಂದರು. ನಾನು ತಟ್ಟೆಯ ಮೂಲೆಮೂಲೆ ಕೆದಕಿದೆ. ಉಳಿದ ಚೂರುಪಾರು ಮೊಳೆಯಲ್ಲಿ ಪುಟದ ಅಡಿಗೆ ಒಂದು ಸಾಲು ಸೇರಿಸಿದೆ.

ಕಂಪೋಸಿಟರ್ ಟಿಪ್ಪಣಿ: ಇಬ್ಬರೂ ಹತ್ತಿದ್ದರು.

ಕರೆಂಟು ಎಂದೂ ಇಲ್ಲದ್ದು ಅಂದು ಬಂತು. ಮೋಟಾರು ಮೊದಲ ಬಾರಿಗೆ ಮೈಮುರಿದು ಎದ್ದಿತು. ಅಷ್ಟೂ ಪ್ರತಿ ಅಚ್ಚಾಯಿತು. ಪುಟ ಬಿಚ್ಚಿ ಶೇಷಣ್ಣನ ಮಗಳ ಕರೆಯೋಲೆ ಜೋಡಿಸಿದೆ. ಅದರಲ್ಲಿ ವರನ ಹೆಸರಿನ ಜಾಗದಲ್ಲಿ ವರನ ತಂದೆಯ ಹೆಸರು ಬಿತ್ತು. ಅದು ಬೇರೆ ಗಲಾಟೆ, ಇಲ್ಲಿ ಬೇಡ.

ಪುಸ್ತಕ ಬೈಂಡಾಗಿ ಬಂದ ದಿನ ಗೌಡರು ಪ್ರೆಸ್ಸಿನಲ್ಲೇ ಇದ್ದರು. ಇಬ್ಬರೂ ಒಂದೊಂದು ಪ್ರತಿ ಹಿಡಿದು ನೇರ ಆ ಪುಟಕ್ಕೇ ಹೋದರು. ನಾನು ಯಂತ್ರದ ಹಿಂದಿನ ಹಳೆಯ ಜಾಗಕ್ಕೆ ಸರಿದೆ.

"ನಾಗು" ಎಂದರು ಭಟ್ಟರು. "ಇವನಿಗೆ ಎಂತ ಮಾಡನ?"

"ನೀನೇ ಹೇಳು ಗಣಪು. ನಿನ್ ಪ್ರೆಸ್ಸಿನ ಕತ್ತೆ."

"ನಾನು ಸಾಕಿದ್ದು ಹೌದು. ಹೊಗಳಿ ಹಾಳು ಮಾಡಿದ್ದು ನೀನು. ಬಾಳೆಗೊನೆ ಕಳ್ಸಿದ್ದು ಯಾರು?"

ಏಕವಚನ ವಾಪಸು ಬಂದಿತ್ತು. ಇಬ್ಬರೂ ಸೇರಿ ನನ್ನನ್ನು ಬೈದರು, ಒಬ್ಬರು ಬಿಟ್ಟ ಪದವನ್ನು ಇನ್ನೊಬ್ಬರು ಹೆಕ್ಕಿ ಕೊಟ್ಟು, ಅಕ್ಕಪಕ್ಕ ಕೂತು, ಒಂದೇ ಬೆಂಚಿನಲ್ಲಿ. ಬೈಗುಳ ಅಷ್ಟು ಹಿತವಾಗಿ ಕೇಳಿದ್ದು ನನಗೆ ನೆನಪಿಲ್ಲ.

ಶಿಕ್ಷೆ ಮರುದಿನ. ಆಗುಂಬೆ ಬಸ್ಸು ಹತ್ತಿಸಿ, ದಾರಿಯಲ್ಲಿ ಇಳಿಸಿ, ಆ ಹಲಸಿನ ಮರದ ಬುಡಕ್ಕೆ ಕರೆದುಕೊಂಡು ಹೋದರು. ಮರ ಇನ್ನೂ ಇತ್ತು, ದಪ್ಪಗಾಗಿತ್ತು. "ಹತ್ತು" ಎಂದರು ಭಟ್ಟರು. "ನಾವು ಹತ್ತಿದ್ದನ್ನ ನೋಡಿದೋನ ಹಾಗೆ ಬರ್ದಿದೀಯಲ್ಲ. ಮೇಲೆ ಹೋಗಿ ಹೇಳು. ಅಲ್ಲಿಂದ ಕಾಣೋದು ಹಪ್ಪಳವೋ ಸಂಡಿಗೆಯೋ."

"ಈಗ ಹೆಂಗೆ ಕಾಣ್ತದೆ ಭಟ್ರೆ? ಆ ಮುದುಕಿ ಹೋಗಿ ಎಷ್ಟು ಕಾಲ ಆಯ್ತೋ."

"ಹತ್ತೋ ಕತ್ತೆ" ಎಂದರು ಗೌಡರು.

ಹತ್ತಿದೆ. ಕೊಂಬೆ ದಾಟಿ ಕೊಂಬೆ, ಕೆಂಪಿರುವೆ ಕಚ್ಚಿಸಿಕೊಳ್ಳುತ್ತ. ಮೇಲೆ ಸುತ್ತಲೂ ಎಲೆ. ಮನೆಯಿಲ್ಲ, ಅಂಗಳವಿಲ್ಲ. ಕೆಳಗೆ ನೋಡಿದರೆ ಎರಡು ತಲೆ, ಒಂದು ಭಟ್ಟರ ಬೋಳು, ಒಂದು ಗೌಡರ ಟೋಪಿ. ಬೋಳುತಲೆ ಕವಳದ ಸಂಚಿ ಬಿಚ್ಚಿ ಹಿಡಿದಿತ್ತು, ಟೋಪಿತಲೆ ಕೇಳದೆಯೇ ಅದಕ್ಕೆ ಕೈ ಹಾಕಿ ಅಡಿಕೆ ಹೋಳು ಆರಿಸುತ್ತಿತ್ತು.

"ಎಂತ ಕಾಣ್ತದೋ?"

"ಎರಡೂ" ಎಂದೆ.

"ಹಪ್ಪಳ ಮೊದ್ಲಾ, ಸಂಡಿಗೆ ಮೊದ್ಲಾ?" ಎಂದು ಕೆಳಗೆ ಹೊಸ ಜಗಳ ಹತ್ತಿಕೊಂಡಿತು. ಅಷ್ಟರಲ್ಲಿ ವಾಪಸು ಹೋಗುವ ಬಸ್ಸಿನ ಹಾರ್ನು ಕೇಳಿತು. ಕಿತ್ತಾಡುತ್ತಲೇ ಇಬ್ಬರೂ ರಸ್ತೆಗೆ ಹೋಗಿ, ಕಿತ್ತಾಡುತ್ತಲೇ ಬಸ್ಸು ಹತ್ತಿದರು. ನಾನೊಬ್ಬ ಮೇಲಿದ್ದೇನೆ ಎನ್ನುವುದು ಇಬ್ಬರಿಗೂ ನೆನಪಾಗಲಿಲ್ಲ.

ಹುಡುಗರೇ, ನಿಮ್ಮ ಕಂಪ್ಯೂಟರಿನಲ್ಲಿ ಅಕ್ಷರ ಮುಗಿಯುವುದೇ ಇಲ್ಲ. ಟಿಪ್ಪಣಿಯ ಕೆಳಗೆ ಟಿಪ್ಪಣಿ ಹಾಕುತ್ತ ಹೋದರೆ ಯಾವ ಜಗಳಕ್ಕೂ ಕೊನೆಯಿಲ್ಲ. ನಮ್ಮಲ್ಲಿ ಮೊಳೆ ಕಡಿಮೆ ಇತ್ತು, ಹಾಗಾಗಿ ಕೆಲವು ಸ್ನೇಹಗಳು ಉಳಿದವು. ಈ ಒಂದು ಮಾತು ಹೇಳುವುದಕ್ಕೇ ಇಷ್ಟೆಲ್ಲ ಬರೆದೆ.

ಬಸ್ಸು ಹೋದ ಮೇಲೆ ಎಲ್ಲಿಂದಲೋ ಒಂದು ಕೆಂದು ಕರು ಬಂದು ಮರದ ಬುಡದಲ್ಲಿ ನಿಂತು ನನ್ನನ್ನು ನೋಡತೊಡಗಿತು. ನಾನು ಹೇಗೆ ಇಳಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಕಥೆ ತಾವೇ ಬರೆದುಕೊಳ್ಳುವವರು ಯಾರೂ ಆ ಭಾಗ ಬರೆಯುವುದಿಲ್ಲ.